ಒಡಲೊಳಗಿನ ಲಿಪಿಕಾರ: ಡಿ.ಎನ್.ಎ. ಪ್ರತಿಲಿಪಿ ಮತ್ತು ನಮ್ಮ ಆರೋಗ್ಯ

ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯು 1133ರಲ್ಲಿ ನಿರ್ಮಾಣವಾದುದು. ಹೊಯ್ಸಳ ದಂಡನಾಯಕ ಗಂಗರಾಜನ ಸ್ಮರಣೆಗಾಗಿ ಅವನ ಮಗ ಬೊಪ್ಪನು ಅದನ್ನು ಕಟ್ಟಿಸಿದನೆಂಬ ಸಂಗತಿ ನಮಗೆ ಶಾಸನದಿಂದ ತಿಳಿಯುತ್ತದೆ. ಕಲ್ಲಿನಲ್ಲಿ ಒಮ್ಮೆ ಕಡೆದ ಅಕ್ಷರವು ಒಂಬತ್ತು ಶತಮಾನಗಳನ್ನು ತಾಳಿಕೊಂಡು ಉಳಿದಿದೆ. ಅದೇ ಹನ್ನೆರಡನೆಯ ಶತಮಾನದ ವಚನಗಳು ಉಳಿದು ಬಂದ ಬಗೆ ಬೇರೆ. ಓಲೆಗರಿಗೆ ಕಲ್ಲಿನ ಆಯುಸ್ಸಿಲ್ಲ. ಹುಳು, ಗೆದ್ದಲು, ತೇವಗಳಿಂದ ಅದು ಹಾಳಾಗುವ ಮುನ್ನವೇ ಮತ್ತೊಬ್ಬ ಲಿಪಿಕಾರನು ಹೊಸ ಗರಿಗೆ ಅದನ್ನು ಪ್ರತಿಮಾಡಬೇಕಾಗಿತ್ತು. ಹೀಗೆ ಪ್ರತಿಯಿಂದ ಪ್ರತಿಗೆ ದಾಟುವಾಗ ಒಂದು ಅಕ್ಷರ ಬಿಟ್ಟುಹೋಗುವುದು, ಒಂದರ ಜಾಗದಲ್ಲಿ ಇನ್ನೊಂದು ಬೀಳುವುದು, ಸಾಲು ಮರುಕಳಿಸುವುದು ಸಹಜ. ಆದುದರಿಂದಲೇ ಸಂಪಾದಕರು ಹಲವು ಕಟ್ಟುಗಳನ್ನು ಹೋಲಿಸಿ ಪಾಠವನ್ನು ತಿದ್ದುತ್ತಾರೆ.

ನಮ್ಮ ಶರೀರವು ತನ್ನನ್ನು ಉಳಿಸಿಕೊಳ್ಳುತ್ತಿರುವುದೂ ಇದೇ ಓಲೆಗರಿಯ ರೀತಿಯಲ್ಲಿ. ಕರುಳಿನ ಒಳಪದರವು ನಾಲ್ಕೈದು ದಿನಗಳಲ್ಲಿ ಹೊಸದಾಗುತ್ತದೆ. ಅಸ್ಥಿಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಸಿದ್ಧವಾಗುತ್ತವೆ. ಜೀವಕೋಶವೊಂದು ಎರಡಾಗಬೇಕಾದರೆ ಅದರೊಳಗಿನ ಸಮಸ್ತ ಬರಹಕ್ಕೆ ಮೊದಲು ಒಂದು ಪ್ರತಿ ತಯಾರಾಗಬೇಕು. ಆ ಬರಹವೇ ಡಿ.ಎನ್.ಎ. ಅದರ ಪ್ರತಿಲಿಪಿ ಸರಿಯಾಗಿ ನಡೆದರೆ ಆರೋಗ್ಯ. ತಪ್ಪು ತಿದ್ದದೆ ಉಳಿದರೆ ರೋಗ. ರೋಗಾಣುವಿನ ಪ್ರತಿಲಿಪಿಯನ್ನು ತಡೆದರೆ ಅದು ಔಷಧ. ಕ್ಷಯ, ಕ್ಯಾನ್ಸರ್, ರಕ್ತಹೀನತೆ ಈ ಮೂರೂ ಒಂದೇ ಎಳೆಯಿಂದ ಹೇಗೆ ಬಂಧಿತವಾಗಿವೆ ಎಂಬುದನ್ನು ಇಲ್ಲಿ ನೋಡೋಣ.

ನಾಲ್ಕು ಅಕ್ಷರಗಳ ಗ್ರಂಥ

ಡಿ.ಎನ್.ಎ.ಯ ಭಾಷೆಯಲ್ಲಿರುವುದು ನಾಲ್ಕೇ ಅಕ್ಷರಗಳು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಅಡೆನಿನ್‌ಗೆ ಎದುರಾಗಿ ಥೈಮಿನ್, ಗ್ವಾನಿನ್‌ಗೆ ಎದುರಾಗಿ ಸೈಟೊಸಿನ್ ನಿಲ್ಲುತ್ತವೆ. ಎರಡು ಎಳೆಗಳು ಹೀಗೆ ಜೋಡಿಯಾಗಿ ಹಗ್ಗದಂತೆ ಹುರಿಗೊಂಡಿರುತ್ತವೆ. ಮಾನವನ ಒಂದು ಜೀವಕೋಶದ 46 ವರ್ಣತಂತುಗಳಲ್ಲಿ ಸುಮಾರು 640 ಕೋಟಿ ಅಕ್ಷರಜೋಡಿಗಳಿವೆ. ಇಷ್ಟನ್ನೂ ಅಚ್ಚುಮಾಡಿದರೆ ಮುನ್ನೂರು ಪುಟಗಳ ಹತ್ತು ಸಾವಿರ ಪುಸ್ತಕಗಳಾದಾವು. ಬಿಚ್ಚಿ ನೇರಮಾಡಿದರೆ ಎಳೆಯ ಉದ್ದ ಸುಮಾರು ಎರಡು ಮೀಟರ್. ಕಣ್ಣಿಗೆ ಕಾಣದ ಜೀವಕೋಶವು ಇದಿಷ್ಟನ್ನೂ ಸುಮಾರು ಎಂಟು ಗಂಟೆಗಳಲ್ಲಿ ಪ್ರತಿಮಾಡಿ ಮುಗಿಸುತ್ತದೆ.

ಈ ರಚನೆಯನ್ನು ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ಪ್ರಕಟಿಸಿದರು. ಅವರ ನಿರ್ಣಯಕ್ಕೆ ರೋಸಲಿಂಡ್ ಫ್ರಾಂಕ್ಲಿನ್ ತೆಗೆದ ಕ್ಷಕಿರಣ ಚಿತ್ರಗಳ ಆಧಾರವಿತ್ತು. ಒಂದು ಎಳೆಯನ್ನು ನೋಡಿದರೆ ಇನ್ನೊಂದು ಎಳೆಯಲ್ಲಿ ಏನಿರಬೇಕೆಂಬುದು ಗೊತ್ತಾಗುತ್ತದೆ. ಪ್ರತಿಮಾಡುವ ಉಪಾಯವು ರಚನೆಯಲ್ಲಿಯೇ ಅಡಗಿದೆ. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಈ ಕೆಲಸ ಮಾಡುವ ಕಿಣ್ವವನ್ನು, ಅಂದರೆ ಡಿ.ಎನ್.ಎ. ಪಾಲಿಮರೇಸನ್ನು, ಗುರುತಿಸಿದರು. ಹಳೆಯ ಎರಡು ಎಳೆಗಳು ಬೇರ್ಪಟ್ಟು ಒಂದೊಂದು ಹೊಸ ಪ್ರತಿಗೂ ಒಂದೊಂದು ಹಳೆಯ ಎಳೆ ಸೇರುತ್ತದೆಂಬುದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದರು.

ಪಾಲಿಮರೇಸ್ ಕಿಣ್ವಕ್ಕೆ ಒಂದು ದಿಕ್ಕಿನಲ್ಲಿ ಮಾತ್ರ ಬರೆಯಲು ಬರುತ್ತದೆ. ಆದರೆ ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿವೆ. ಹೀಗಾಗಿ ಒಂದು ಎಳೆಯ ಪ್ರತಿಯು ಅಖಂಡವಾಗಿ ಸಾಗಿದರೆ ಇನ್ನೊಂದರ ಪ್ರತಿಯು ತುಂಡುತುಂಡಾಗಿ ತಯಾರಾಗಿ ಆಮೇಲೆ ಬೆಸೆದುಕೊಳ್ಳುತ್ತದೆ. ಇದನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ನಗೋಯಾದ ರೇಜಿ ಒಕಜಾಕಿ ಮತ್ತು ಅವರ ಪತ್ನಿ ತ್ಸುನೆಕೊ ಒಕಜಾಕಿ. ಆ ತುಂಡುಗಳಿಗೆ ಇಂದಿಗೂ ಅವರದೇ ಹೆಸರಿದೆ. ಹಿರೋಷಿಮಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಣುಬಾಂಬಿನ ವಿಕಿರಣಕ್ಕೆ ಸಿಲುಕಿದ್ದ ರೇಜಿಯವರು 1975ರಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ವಿಕಿರಣವು ಹಾಳುಗೆಡಹುವುದು ಅವರು ಬಾಳೆಲ್ಲ ಅಭ್ಯಸಿಸಿದ ಇದೇ ಡಿ.ಎನ್.ಎ. ಎಳೆಯನ್ನು. ಅವರ ಸಂಶೋಧನೆಯನ್ನು ತ್ಸುನೆಕೊ ಮುಂದುವರಿಸಿದರು.

ತಿದ್ದುವವರು ಮೂವರು

ಎಂಥ ನುರಿತ ಲಿಪಿಕಾರನೂ ತಪ್ಪುತ್ತಾನೆ. ಪಾಲಿಮರೇಸ್ ಕೂಡ ಸುಮಾರು ಒಂದು ಲಕ್ಷ ಅಕ್ಷರಗಳಿಗೊಮ್ಮೆ ತಪ್ಪಾದ ಅಕ್ಷರವನ್ನು ಹಿಡಿಯುತ್ತದೆ. ತಿದ್ದುವವರೇ ಇಲ್ಲದಿದ್ದರೆ ಪ್ರತಿಯೊಂದು ಪ್ರತಿಯಲ್ಲಿ 64 ಸಾವಿರ ತಪ್ಪುಗಳು ಉಳಿಯುತ್ತಿದ್ದವು. ಹಾಗಾಗದಂತೆ ಮೊದಲು ಕಾಯುವುದು ಆ ಕಿಣ್ವವೇ. ಬರೆದ ಅಕ್ಷರವು ಜೋಡಿಗೆ ಒಪ್ಪದಿದ್ದರೆ ಅದು ಅಲ್ಲಿಯೇ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಅದನ್ನು ಅಳಿಸಿ ಮತ್ತೆ ಬರೆಯುತ್ತದೆ. ಇದರಿಂದ ತಪ್ಪುಗಳು ಕೆಲವು ನೂರಕ್ಕೆ ಇಳಿಯುತ್ತವೆ. ಅದರ ಹಿಂದೆಯೇ ಇನ್ನೊಂದು ತಂಡದ ಪ್ರೋಟೀನುಗಳು ಹೊಸ ಎಳೆಯನ್ನು ತಡವಿ ನೋಡುತ್ತ, ಹೊಂದದ ಜೋಡಿಯನ್ನು ಕತ್ತರಿಸಿ ತೆಗೆದು ಸರಿಯಾದುದನ್ನು ಕೂಡಿಸುತ್ತವೆ. ಕೊನೆಗೆ ಉಳಿಯುವ ತಪ್ಪುಗಳು ಬೆರಳೆಣಿಕೆಯಷ್ಟು.

ಮೂರನೆಯ ಕಾವಲು ಪ್ರತಿಮಾಡದ ವೇಳೆಯಲ್ಲಿಯೂ ಎಚ್ಚರವಾಗಿರುತ್ತದೆ. ಶರೀರದ ಉಷ್ಣ, ನೀರು, ಉಸಿರಾಟದ ಉಪೋತ್ಪನ್ನಗಳಿಂದಲೇ ಪ್ರತಿ ಜೀವಕೋಶದ ಡಿ.ಎನ್.ಎ.ಗೆ ದಿನವೊಂದಕ್ಕೆ ಸಾವಿರಾರು ಗಾಸಿಗಳಾಗುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳು, ಹೊಗೆ, ವಿಕಿರಣಗಳು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ದುರಸ್ತಿ ಕಿಣ್ವಗಳು ಅವನ್ನು ಹುಡುಕಿ ಸರಿಪಡಿಸುತ್ತಲೇ ಇರುತ್ತವೆ. ಈ ದುರಸ್ತಿಯ ಬಗೆಗಳನ್ನು ಬಿಡಿಸಿ ತೋರಿದ ತೋಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಎಂಬ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಕೆಲವು ಮನೆತನಗಳಲ್ಲಿ ಎರಡನೆಯ ತಂಡದ ವಂಶವಾಹಿಯೇ ದೋಷದಿಂದ ಕೂಡಿದ್ದು, ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ಇಂಥವರಲ್ಲಿ ದೊಡ್ಡಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರುಗಳು ಬೇಗನೆ ಕಾಣಿಸಿಕೊಳ್ಳಬಹುದು. ಒಂದೇ ಕುಟುಂಬದ ಇಬ್ಬರು ಮೂವರಿಗೆ, ಅದರಲ್ಲೂ ಐವತ್ತರೊಳಗೆ, ಈ ರೋಗಗಳು ಬಂದಿದ್ದರೆ ಅದನ್ನು ಹಣೆಬರಹವೆಂದು ಸುಮ್ಮನಾಗದೆ ವೈದ್ಯರಿಗೆ ಕುಟುಂಬದ ಚರಿತ್ರೆಯನ್ನು ತಿಳಿಸಬೇಕು. ಉಳಿದವರು ನಿಯಮಿತ ತಪಾಸಣೆಯಿಂದ ರೋಗವನ್ನು ಆರಂಭದಲ್ಲಿಯೇ ಹಿಡಿಯಲು ಸಾಧ್ಯ.

ಹುರಿ ಬಿಡಿಸುವ ಕಿಣ್ವ ಮತ್ತು ಕ್ಷಯರೋಗ

ಪ್ರತಿಲಿಪಿಯ ಕೆಲಸ ನಮ್ಮ ಶರೀರದಲ್ಲಿ ನಡೆಯುವಂತೆ ನಮ್ಮನ್ನು ಕಾಡುವ ರೋಗಾಣುಗಳಲ್ಲಿಯೂ ನಡೆಯುತ್ತದೆ. ಅದನ್ನು ಅರಿತರೆ ಅವುಗಳ ಮರ್ಮ ಕೈಗೆ ಸಿಗುತ್ತದೆ.

ಅರಸೀಕೆರೆಯ ಸೀಮೆಯಲ್ಲಿ ತೆಂಗಿನ ನಾರಿನ ಹಗ್ಗವನ್ನು ಕಂಡವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಎರಡು ಎಳೆಯ ಹಗ್ಗದ ಒಂದು ತುದಿಯನ್ನು ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯ ಎಳೆಗಳನ್ನು ಎರಡು ಕೈಗಳಿಂದ ಬೇರ್ಪಡಿಸುತ್ತ ಹೋದರೆ ಮುಂದಿನ ಭಾಗದ ಹುರಿ ಬಿಗಿಯುತ್ತ ಬಂದು ಕೊನೆಗೆ ಹಗ್ಗ ಗಂಟುಗಂಟಾಗಿ ಸುತ್ತಿಕೊಳ್ಳುತ್ತದೆ. ಡಿ.ಎನ್.ಎ.ಯನ್ನು ಬಿಚ್ಚುವಾಗಲೂ ಇದೇ ತೊಡಕು. ಅದನ್ನು ನಿವಾರಿಸಲು ಬ್ಯಾಕ್ಟೀರಿಯಾಗಳಲ್ಲಿ ಗೈರೇಸ್ ಎಂಬ ಕಿಣ್ವವಿದೆ. ಅದು ಎಳೆಗಳನ್ನು ಕ್ಷಣಮಾತ್ರ ಕತ್ತರಿಸಿ, ಆ ಸಂದಿನಲ್ಲಿ ಡಿ.ಎನ್.ಎ.ಯ ಇನ್ನೊಂದು ಭಾಗವನ್ನು ದಾಟಿಸಿ, ಹುರಿಯ ಬಿಗುವನ್ನು ಕಳೆದು, ಮತ್ತೆ ಬೆಸೆಯುತ್ತದೆ. ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಮೊದಲಾದ ಔಷಧಗಳು ಗೈರೇಸನ್ನು ಕತ್ತರಿಸಿದ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ರೋಗಾಣುವಿನ ಡಿ.ಎನ್.ಎ. ತುಂಡಾಗಿ ಅದು ಸಾಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ಕ್ಷಯಾಣುವಿನ ಕುಲದ ಗೈರೇಸನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಬೇರೆ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಈ ಜಾತಿಯ ಕಿಣ್ವಗಳು ಎರಡಿದ್ದರೆ ಕ್ಷಯಾಣುವಿನಲ್ಲಿರುವುದು ಗೈರೇಸ್ ಒಂದೇ. ಎರಡು ಬಾಗಿಲುಗಳ ಕೆಲಸವನ್ನು ಒಂದೇ ಬಾಗಿಲು ಮಾಡುತ್ತಿರುವಾಗ ಅದನ್ನು ಮುಚ್ಚಿದರೆ ಶತ್ರುವಿಗೆ ದಾರಿಯೇ ಇಲ್ಲ. ಅದೇ ಸಂಸ್ಥೆಯಲ್ಲಿ ಎಂ. ವಿಜಯನ್, ಕೆ. ಮುನಿಯಪ್ಪ, ಉಮೇಶ್ ವಾರ್ಷ್ಣೇಯ ಮೊದಲಾದ ವಿಜ್ಞಾನಿಗಳು ಕ್ಷಯಾಣುವಿನ ಡಿ.ಎನ್.ಎ.ಯನ್ನು ರಕ್ಷಿಸುವ, ದುರಸ್ತಿಮಾಡುವ ಪ್ರೋಟೀನುಗಳ ರಚನೆಯನ್ನೂ ವರ್ತನೆಯನ್ನೂ ಬಿಡಿಸಿ ತೋರಿಸಿದರು. ಇಂಥ ಅಧ್ಯಯನದಿಂದ ನಾಳೆಯೇ ಮಾತ್ರೆ ಸಿದ್ಧವಾಗುವುದಿಲ್ಲ. ಆದರೆ ಬೀಗದ ಒಳರಚನೆ ತಿಳಿಯದೆ ಕೀಲಿಕೈ ಮಾಡಲಾಗದು.

ಮಾತ್ರೆಯನ್ನು ನಡುವೆ ಬಿಡಬಾರದೇಕೆ?

ಕ್ಷಯರೋಗಿಗೆ ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳನ್ನು, ಆಮೇಲೆ ನಾಲ್ಕು ತಿಂಗಳು ಮೂರು ಔಷಧಗಳನ್ನು ಕೊಡುತ್ತಾರೆ. ಒಂದೇ ರೋಗಕ್ಕೆ ಇಷ್ಟೇಕೆ, ಇಷ್ಟು ದಿನವೇಕೆ ಎಂದು ಅನೇಕರು ಕೇಳುತ್ತಾರೆ. ಉತ್ತರವಿರುವುದು ರೋಗಾಣುವಿನ ಪ್ರತಿಲಿಪಿಯಲ್ಲಿ.

ಕ್ಷಯಾಣುವಿನ ಡಿ.ಎನ್.ಎ.ಯಲ್ಲಿ ಸುಮಾರು 44 ಲಕ್ಷ ಅಕ್ಷರಜೋಡಿಗಳಿವೆ. ಅದು ಇಮ್ಮಡಿಯಾಗಲು ಸುಮಾರು 20 ಗಂಟೆ ಬೇಕು. ಪ್ರತಿಮಾಡುವಾಗ ಅದೂ ಅಪರೂಪಕ್ಕೊಮ್ಮೆ ತಪ್ಪುತ್ತದೆ. ಆ ತಪ್ಪುಗಳಲ್ಲಿ ಯಾವುದೋ ಒಂದು, ಔಷಧವು ನಾಟದಂತೆ ಅದನ್ನು ಕಾಯುವ ಕವಚವಾಗಿಬಿಡುತ್ತದೆ. ಐಸೋನಿಯಜಿಡ್‌ಗೆ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೊಂದು ಇರುತ್ತದೆ. ಶ್ವಾಸಕೋಶದಲ್ಲಿ ಕ್ಷಯದಿಂದಾದ ಒಂದು ದೊಡ್ಡ ಕುಳಿಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ರೋಗಾಣುಗಳಿರಬಹುದು. ಆದುದರಿಂದ ಔಷಧ ಆರಂಭಿಸುವ ಮೊದಲೇ ಅಲ್ಲಿ ಐಸೋನಿಯಜಿಡ್‌ಗೆ ಬಗ್ಗದವು ನೂರಾರು ಇರುತ್ತವೆ. ಆ ಒಂದೇ ಔಷಧವನ್ನು ಕೊಟ್ಟರೆ ಮಿಕ್ಕವು ಸತ್ತು ಇವು ಬೆಳೆಯುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ರೋಗಾಣು ಸಿಗುವುದು ಕೋಟಿ ಕೋಟಿಗೊಂದು; ಒಬ್ಬ ರೋಗಿಯಲ್ಲಿ ಅಷ್ಟು ರೋಗಾಣುಗಳೇ ಇರುವುದಿಲ್ಲ. 1940ರ ದಶಕದ ಕೊನೆಯಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಪಡೆದ ರೋಗಿಗಳಲ್ಲಿ ಹಲವರು ಮೊದಲು ಚೇತರಿಸಿಕೊಂಡು ಮತ್ತೆ ಹಾಸಿಗೆ ಹಿಡಿದರು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ಆ ಕಹಿ ಅನುಭವದಿಂದ ಹುಟ್ಟಿತು.

ಎರಡು ತಿಂಗಳಲ್ಲಿ ಕೆಮ್ಮು ನಿಂತು, ಹಸಿವು ಮರಳಿ, ಮೈ ತುಂಬಿಕೊಳ್ಳುತ್ತದೆ. ಗುಣವಾಯಿತೆಂದು ಮಾತ್ರೆ ಬಿಡುವವರು ಹೆಚ್ಚಾಗಿ ಈ ಹಂತದಲ್ಲಿಯೇ. ಆದರೆ ಆಗಲೂ ಕೆಲವು ರೋಗಾಣುಗಳು ಬಹು ನಿಧಾನವಾಗಿ, ನಿದ್ರೆಯಲ್ಲಿದ್ದಂತೆ, ಉಳಿದಿರುತ್ತವೆ. ಮಾತ್ರೆ ನಿಂತೊಡನೆ ಅವು ಮತ್ತೆ ಪ್ರತಿಮಾಡತೊಡಗುತ್ತವೆ. ಮನಬಂದಂತೆ ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದವನ್ನು ನಾವೇ ಆರಿಸಿ ಬೆಳೆಸಿದಂತಾಗುತ್ತದೆ. ಅಂಥ ರೋಗವು ಮನೆಯ ಮಕ್ಕಳಿಗೆ, ವೃದ್ಧರಿಗೆ ಅದೇ ರೂಪದಲ್ಲಿ ಅಂಟುತ್ತದೆ. ಅವರು ಒಂದು ಮಾತ್ರೆಯನ್ನೂ ತಪ್ಪಿಸದಿದ್ದರೂ ಮೊದಲ ಔಷಧಗಳು ಅವರಿಗೆ ನಾಟುವುದಿಲ್ಲ.

ಹಾಗೆಯೇ ಸಾಧಾರಣ ಕೆಮ್ಮು ಜ್ವರಗಳಿಗೆ ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ಲೆವೊಫ್ಲಾಕ್ಸಸಿನ್‌ನಂಥ ಮಾತ್ರೆಗಳನ್ನು ತಂದು ನುಂಗುವುದು ಅಪಾಯಕರ. ಅದು ಅಡಗಿರುವ ಕ್ಷಯವನ್ನು ಕೆಲಕಾಲ ಮರೆಮಾಚಿ, ಮುಂದೆ ಕಷ್ಟಕಾಲಕ್ಕೆ ಬೇಕಾಗುವ ಆಯುಧವನ್ನು ಮೊಂಡಾಗಿಸುತ್ತದೆ.

ಪ್ರತಿಲಿಪಿಯಿಂದಲೇ ಪತ್ತೆ

ಪ್ರತಿಮಾಡುವ ಈ ವಿದ್ಯೆಯನ್ನೇ ರೋಗಪತ್ತೆಗೂ ಬಳಸಲಾಗುತ್ತಿದೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಲ್ಪಿಸಿದ ಪಿ.ಸಿ.ಆರ್. ವಿಧಾನದಲ್ಲಿ ಬೇಕಾದ ಡಿ.ಎನ್.ಎ. ತುಣುಕನ್ನು ಯಂತ್ರದೊಳಗೆ ಬಿಸಿಮಾಡಿ ತಣಿಸುತ್ತ ಇಮ್ಮಡಿಗೊಳಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳಲ್ಲಿ ನೂರು ಕೋಟಿಯನ್ನು ದಾಟುತ್ತದೆ. ಕುದಿಯುವ ಬಿಸಿಗೂ ಕೆಡದ ಪಾಲಿಮರೇಸನ್ನು ಇದಕ್ಕೆ ಒದಗಿಸಿದ್ದು ಅಮೆರಿಕದ ಬಿಸಿನೀರಿನ ಬುಗ್ಗೆಗಳಲ್ಲಿ ಬಾಳುವ ಒಂದು ಸೂಕ್ಷ್ಮಜೀವಿ.

ಇದನ್ನು ಕೈಯಲ್ಲಿ ಒಯ್ಯಬಹುದಾದ, ಬ್ಯಾಟರಿಯಿಂದ ನಡೆಯುವ ಯಂತ್ರವಾಗಿ ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆ ಮತ್ತು ಗೋವೆಯ ಮೊಲ್ಬಯೊ ಸಂಸ್ಥೆ. ಟ್ರೂನ್ಯಾಟ್ ಎಂಬ ಈ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕ್ಷಯಪತ್ತೆಗೆ ಶಿಫಾರಸು ಮಾಡಿತು. ಕಫದಲ್ಲಿ ಕ್ಷಯಾಣು ಇದೆಯೇ ಎಂಬುದನ್ನಷ್ಟೇ ಅಲ್ಲದೆ, ರಿಫಾಂಪಿಸಿನ್‌ಗೆ ಬಗ್ಗದಂಥ ಅಕ್ಷರದೋಷ ಅದರಲ್ಲಿದೆಯೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಯಬಹುದು. ಹಿಂದೆ ಇದಕ್ಕಾಗಿ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಬೆಳೆಸಿ ನೋಡಬೇಕಾಗಿತ್ತು.

ಕಡಿವಾಣವಿಲ್ಲದ ಪ್ರತಿಲಿಪಿ

ಕ್ಯಾನ್ಸರ್ ಎಂದರೆ ಜೀವಕೋಶವು ತನ್ನ ಮಿತಿಯನ್ನು ಮರೆತು ಇಮ್ಮಡಿಸುತ್ತ ಹೋಗುವುದು. ಎಲ್ಲಿ ನಿಲ್ಲಬೇಕೆಂದು ಹೇಳುವ ವಾಕ್ಯಗಳೂ ಡಿ.ಎನ್.ಎ.ಯಲ್ಲಿಯೇ ಇವೆ. ಅವುಗಳಲ್ಲಿ ತಿದ್ದದ ತಪ್ಪುಗಳು ವರ್ಷಗಟ್ಟಲೆ ಒಂದರ ಮೇಲೊಂದು ಕೂಡುತ್ತ ಬಂದಾಗ ಕಡಿವಾಣ ತಪ್ಪುತ್ತದೆ. ವಯಸ್ಸಾದಂತೆ ಈ ರೋಗ ಹೆಚ್ಚುವುದಕ್ಕೆ ಮುಖ್ಯ ಕಾರಣವಿದು.

ಬೀಡಿ ಸಿಗರೇಟುಗಳ ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ವಸ್ತು ಶರೀರದಲ್ಲಿ ರೂಪಾಂತರಗೊಂಡು ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಗರಿಯ ಮೇಲೆ ಮಸಿ ಚೆಲ್ಲಿದರೆ ಲಿಪಿಕಾರನು ಊಹೆಯಿಂದ ಯಾವುದೋ ಅಕ್ಷರ ಬರೆಯುವಂತೆ ಪಾಲಿಮರೇಸ್ ಅಲ್ಲಿ ತಪ್ಪುತ್ತದೆ. ಜಗಿಯುವ ತಂಬಾಕು, ಗುಟ್ಕಾಗಳು ಬಾಯಿಯ ಒಳಪದರಕ್ಕೆ ಇದೇ ಬಗೆಯ ಹಾನಿ ಮಾಡುತ್ತವೆ. ತಂಬಾಕಿಲ್ಲದ ಬರಿಯ ಅಡಿಕೆಯ ಸೇವನೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿಯು ಹೇಳಿದೆ. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಇದು ಹಿತವಾದ ಮಾತಲ್ಲ. ಆದರೂ ಆರೋಗ್ಯದ ವಿಷಯದಲ್ಲಿ ತಿಳಿದಿರಬೇಕಾದ ಮಾತು. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗುವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕ್ಯಾನ್ಸರಿನ ಅನೇಕ ಔಷಧಗಳು ಪ್ರತಿಲಿಪಿಯನ್ನೇ ತಡೆಯುತ್ತವೆ. ಕೂದಲಿನ ಬುಡ, ಕರುಳು, ಅಸ್ಥಿಮಜ್ಜೆಗಳ ಆರೋಗ್ಯವಂತ ಜೀವಕೋಶಗಳೂ ವೇಗವಾಗಿ ಪ್ರತಿಮಾಡಿಕೊಳ್ಳುವುದರಿಂದ ಔಷಧದ ಏಟು ಅವಕ್ಕೂ ತಗಲುತ್ತದೆ. ಕೂದಲು ಉದುರುವುದು, ವಾಂತಿ, ಬಾಯಿಹುಣ್ಣು, ರಕ್ತಕಣಗಳ ಇಳಿಕೆ ಇದರ ಫಲ. ಕೂದಲು ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಮೇಲೆ ಮರಳಿ ಬೆಳೆಯುತ್ತದೆ. ಈ ಕಾರಣ ತಿಳಿದಿದ್ದರೆ ರೋಗಿಯೂ ಮನೆಯವರೂ ಹೆದರಿ ಚಿಕಿತ್ಸೆಯನ್ನು ನಡುವೆ ಬಿಡುವ ಪ್ರಸಂಗ ಬರಲಾರದು.

ಪ್ರತಿಲಿಪಿಗೆ ಬೇಕಾದ ಆಹಾರ

ಬರೆಯಲು ಸಾಮಗ್ರಿಯೇ ಇಲ್ಲದಿದ್ದರೆ ಲಿಪಿಕಾರನು ಕೈಕಟ್ಟಿ ಕೂಡಬೇಕಾಗುತ್ತದೆ. ಥೈಮಿನ್ ಅಕ್ಷರದ ತಯಾರಿಕೆಗೆ ಫೋಲಿಕ್ ಆಮ್ಲವೂ ಬಿ-12 ಜೀವಸತ್ವವೂ ಅವಶ್ಯ. ಇವುಗಳ ಕೊರತೆಯಾದರೆ ಅಸ್ಥಿಮಜ್ಜೆಯ ಜೀವಕೋಶಗಳು ಗಾತ್ರದಲ್ಲಿ ಬೆಳೆದರೂ ಎರಡಾಗಲಾರದೆ ನಿಲ್ಲುತ್ತವೆ. ಇದೊಂದು ಬಗೆಯ ರಕ್ತಹೀನತೆ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬಯಿಯ ಬಡ ಗರ್ಭಿಣಿಯರಲ್ಲಿ ಈ ರೋಗವನ್ನು ಅಭ್ಯಸಿಸಿ, ಯೀಸ್ಟ್ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು.

ಸೊಪ್ಪು, ಹೆಸರುಕಾಳು, ಕಡಲೆ, ಅವರೆಗಳಲ್ಲಿ ಫೋಲೇಟ್ ಸಮೃದ್ಧವಾಗಿದೆ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಅದು ನಷ್ಟವಾಗುತ್ತದೆ. ಬಸಿದ ಕಟ್ಟನ್ನು ಸಾರಿಗೆ ಬಳಸುವ ನಮ್ಮ ಹಿರಿಯರ ರೂಢಿ ವಿವೇಕದ್ದು. ಬಿ-12 ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯುವುದಿಲ್ಲ. ಆದುದರಿಂದ ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಕೈಕಾಲು ಜೋಮು, ನಡಿಗೆಯ ತಡವರಿಕೆ, ಮರೆವು, ಆಯಾಸಗಳು ವೃದ್ಧರಲ್ಲಿ ಕಂಡರೆ ವಯಸ್ಸಿನ ದೋಷವೆಂದು ಬಿಡದೆ ಬಿ-12 ಪರೀಕ್ಷೆ ಮಾಡಿಸುವುದು ಲೇಸು. ಬಿ-12 ಕೊರತೆಯಿರುವವರು ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತ ಸುಧಾರಿಸಿದಂತೆ ತೋರಿದರೂ ನರಗಳ ಹಾನಿ ಮುಂದುವರಿಯಬಹುದು. ವೈದ್ಯರ ಸಲಹೆ ಅಗತ್ಯ. ಗರ್ಭಿಣಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಗರ್ಭದಲ್ಲಿ ಒಂದೇ ಜೀವಕೋಶವು ಲಕ್ಷ ಕೋಟಿಗಳಾಗಿ ಬೆಳೆಯುವ ಕಾಲವದು.

ನಾವು ಮಾಡಬಹುದಾದುದು

ಜೀವಕೋಶದೊಳಗಿನ ಲಿಪಿಕಾರನಿಗೆ ನಾವು ನೇರವಾಗಿ ನೆರವಾಗಲಾರೆವು. ಆದರೆ ಅವನ ಓಲೆಯ ಮೇಲೆ ಮಸಿ ಚೆಲ್ಲದಿರಬಹುದು: ತಂಬಾಕು, ಗುಟ್ಕಾ, ಮದ್ಯಗಳನ್ನು ದೂರವಿಡಬಹುದು. ಅವನಿಗೆ ಬೇಕಾದ ಸಾಮಗ್ರಿಯನ್ನು ಊಟದಲ್ಲಿ ಒದಗಿಸಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ಕೊಡುವ ಸಹಾಯಧನವು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ.

ಕ್ಷಯವಾಗಿದೆಯೆಂದು ಬಚ್ಚಿಡುವ ಸಂಕೋಚವೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಮದುವೆಯ ಮಾತು ಕೆಟ್ಟೀತು, ನೆರೆಯವರು ದೂರವಿಟ್ಟಾರು ಎಂಬ ಅಂಜಿಕೆಯಿಂದ ಮಾತ್ರೆಯ ಪೊಟ್ಟಣವನ್ನು ಮರೆಮಾಡುವವರಿದ್ದಾರೆ. ರೋಗ ಬಂದುದು ಯಾರ ಅಪರಾಧವೂ ಅಲ್ಲ. ಮನೆಯಲ್ಲಿ ಒಬ್ಬರಿಗೆ ಆರು ತಿಂಗಳ ಮಾತ್ರೆ ಆರಂಭವಾಗಿದ್ದರೆ, ಪ್ರತಿದಿನ ಅದನ್ನು ನೆನಪಿಸಿ, ನೀರು ಕೊಟ್ಟು, ಕೊನೆಯ ದಿನದವರೆಗೂ ನುಂಗಿಸುವುದು ಮನೆಯ ಉಳಿದವರೆಲ್ಲರ ಹೊಣೆ.